ಶಾಲೆ ಗೋಡೆಗೆ ಜುರಾಸಿಕ್ ಕಾಲದ ಚಿತ್ರ ಬರೆಸಬೇಕು, ಯಾವ ಡೈನೋಸಾರ್ ಇರಲಿ?

ಲಕ್ಷ್ಮೇಶ್ವರದ ಅಕ್ಕೋರು:

ಎಲ್ಲರಿಗೂ ನಮಸ್ಕಾರ. ನಾನು ಗದಗ ಜಿಲ್ಲೆ ಲಕ್ಷ್ಮೇಶ್ವರದ ಕಡೆ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮ ಕಂಪೌಂಡಿನ ಒಳಗಿನ ಗೋಡೆ 40 ಫೂಟು ಉದ್ದ, 7 ಫೂಟು ಎತ್ತರ ಇದೆ. ಹಳೆಯ ವಿದ್ಯಾರ್ಥಿಗಳು ಬಣ್ಣಕ್ಕೆ ದುಡ್ಡು ಕೊಟ್ಟಿದ್ದಾರೆ. ಈ ಸಲ ಡೈನೋಸಾರ್ ಬರೆಸೋಣ ಅಂತ ಮಕ್ಕಳೇ ಕೇಳಿದರು. ಜುರಾಸಿಕ್ ಕಾಲ ಅಂತ ವಿಷಯ ಇಟ್ಟುಕೊಂಡೆವು.

ಹುಬ್ಬಳ್ಳಿಯ ಪೇಂಟರ್ ಅಣ್ಣ ಮೊಬೈಲಿನಲ್ಲಿ ಒಂದು ಮಾದರಿ ತೋರಿಸಿದರು. ನಡುವೆ ಟಿ-ರೆಕ್ಸ್. ಅದರ ಎದುರಿಗೆ ಬೆನ್ನ ಮೇಲೆ ಫಲಕ ಇರುವ ಸ್ಟೆಗೋಸಾರಸ್. ಮೂಲೆಯಲ್ಲಿ ಮೂರು ಕೊಂಬಿನ ಟ್ರೈಸೆರಾಟಾಪ್ಸ್, ಮೇಲೆ ಹಾರುವ ಟೆರನೋಡಾನ್. ಹಿಂದೆ ತೆಂಗಿನ ಗಿಡ, ಕೆಳಗೆ ಹಸಿರು ಹುಲ್ಲು. ನೋಡಲು ಚಂದ ಇತ್ತು. ಆದರೆ ಆರನೇ ತರಗತಿಯ ಒಬ್ಬ ಹುಡುಗಿ "ಅಕ್ಕೋರೆ, ಟಿ-ರೆಕ್ಸ್ ಜುರಾಸಿಕ್‌ದಲ್ಲ ರೀ" ಅಂದಳು. ಹಾಗಾಗಿ ಕೆಲಸ ತಡೆಹಿಡಿದಿದ್ದೇನೆ. ಗೋಡೆ ಮೇಲೆ ಒಂದು ಸಲ ಬಂದರೆ ಎಷ್ಟೋ ವರ್ಷ ಮಕ್ಕಳು ಅದನ್ನೇ ನೋಡಿ ಕಲಿಯುತ್ತಾರೆ. ಸುಳ್ಳು ಬರೆಸಬಾರದು ಅಂತ ನನ್ನ ಹಠ.

ಜುರಾಸಿಕ್‌ನಲ್ಲಿ ನಿಜವಾಗಿ ಯಾವ್ಯಾವ ಡೈನೋಸಾರ್ ಇದ್ದವು? ಎಲ್ಲವನ್ನೂ ಒಂದೇ ಚಿತ್ರದಲ್ಲಿ ಹಾಕಬಹುದಾ? ನಮ್ಮ ದೇಶದ್ದು ಯಾವುದಾದರೂ ಇದೆಯಾ? ಗದಗ, ಧಾರವಾಡದ ಕಡೆ ಯಾಕೆ ಸಿಕ್ಕಿಲ್ಲ ಅಂತಲೂ ಮಕ್ಕಳು ಕೇಳುತ್ತಿದ್ದಾರೆ. ತಿಳಿದವರು ದಯವಿಟ್ಟು ಹೇಳಿ.


ಧಾರವಾಡದ ಕಲ್ಲಿನ ಮಾಸ್ತರ:

ಅಕ್ಕೋರೆ, ಆ ಹುಡುಗಿಗೆ ನನ್ನ ಶಾಬಾಸ್ ಹೇಳಿ. ನಾನು ಧಾರವಾಡದಲ್ಲಿ ಕಾಲೇಜಿನ ಮಕ್ಕಳಿಗೆ ಭೂವಿಜ್ಞಾನ ಕಲಿಸಿ ನಿವೃತ್ತನಾದವನು. ಈ ಪ್ರಶ್ನೆ ನೋಡಿ ಬಹಳ ಖುಷಿ ಆಯಿತು. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಕಾಲದ ಲೆಕ್ಕ. ಜುರಾಸಿಕ್ ಅಂದರೆ ಸುಮಾರು 20.1 ಕೋಟಿ ವರ್ಷಗಳ ಹಿಂದೆ ಶುರುವಾಗಿ 14.5 ಕೋಟಿ ವರ್ಷಗಳ ಹಿಂದೆ ಮುಗಿದ ಕಾಲ. ಒಟ್ಟು 5.6 ಕೋಟಿ ವರ್ಷ. ಇಷ್ಟೂ ಕಾಲ ಒಂದೇ ಥರದ ಪ್ರಾಣಿಗಳು ಇರಲಿಲ್ಲ. ಶುರುವಿನಲ್ಲಿ ಇದ್ದವು ಕೊನೆಯ ಹೊತ್ತಿಗೆ ಇಲ್ಲ. ಹೀಗಾಗಿ ಎಲ್ಲವನ್ನೂ ಒಂದೇ ಕಾಡಿನಲ್ಲಿ ಒಟ್ಟಿಗೆ ನಿಲ್ಲಿಸಬೇಡಿ. ಗೋಡೆಯನ್ನು ಎಡದಿಂದ ಬಲಕ್ಕೆ ಮೂರು ಭಾಗ ಮಾಡಿ: ಆದಿ, ಮಧ್ಯ, ಅಂತ್ಯ. ಕೆಳಗಡೆ ಒಂದು ಸಣ್ಣ ಪಟ್ಟಿ ಎಳೆದು ಅದರಲ್ಲಿ ಕಾಲ ತೋರಿಸಿ. ನಿಮ್ಮ ಗೋಡೆ 40 ಫೂಟು, ಅಂದರೆ ಆ ಪಟ್ಟಿಯ ಒಂದೊಂದು ಫೂಟಿಗೆ 14 ಲಕ್ಷ ವರ್ಷ ಬರುತ್ತದೆ. ಎಷ್ಟು ಸರಿಯಾಗಿ ಕೂತಿದೆ ನೋಡಿ.

ಇದೇ ಅಳತೆಯಲ್ಲಿ ಟಿ-ರೆಕ್ಸ್ ಎಲ್ಲಿ ಬರುತ್ತದೆ? ಅದು ಬದುಕಿದ್ದು ಸುಮಾರು 6.8 ಕೋಟಿಯಿಂದ 6.6 ಕೋಟಿ ವರ್ಷಗಳ ಹಿಂದೆ, ಜುರಾಸಿಕ್ ಮುಗಿದ ಮೇಲೆ ಬಂದ ಕ್ರಿಟೇಶಿಯಸ್ ಕಾಲದ ತುತ್ತತುದಿಯಲ್ಲಿ. ಟ್ರೈಸೆರಾಟಾಪ್ಸ್ ಕೂಡ ಅದರ ಜೊತೆಯದೇ. ನಿಮ್ಮ ಗೋಡೆ ಮುಗಿದ ಮೇಲೆ ಇನ್ನೂ 55 ಫೂಟು ಆಚೆ ನಡೆದರೆ ಟಿ-ರೆಕ್ಸ್ ಸಿಗುತ್ತದೆ. ಅಲ್ಲಿಂದ ಇನ್ನು ಸುಮಾರು 49 ಫೂಟು ನಡೆದರೆ ನಮ್ಮ ಇವತ್ತು. ಸ್ಟೆಗೋಸಾರಸ್ ಸುಮಾರು 15 ಕೋಟಿ ವರ್ಷದ ಹಿಂದಿನದು. ಅದಕ್ಕೂ ಟಿ-ರೆಕ್ಸ್‌ಗೂ ಇರುವ ಅಂತರ, ಟಿ-ರೆಕ್ಸ್‌ಗೂ ನಮಗೂ ಇರುವ ಅಂತರಕ್ಕಿಂತ ಜಾಸ್ತಿ! ಅವೆರಡು ಎದುರುಬದುರು ನಿಲ್ಲಲು ಸಾಧ್ಯವೇ ಇಲ್ಲ.

ಇನ್ನು ನನ್ನ ಒಂದು ಕೋರಿಕೆ. ಗೋಡೆ ನಮ್ಮ ಪ್ರಾಣಿಗಳಿಂದಲೇ ಶುರುವಾಗಲಿ. ಅಮೆರಿಕದ ಡೈನೋಸಾರ್‌ಗಳ ಹೆಸರು ನಮ್ಮ ಮಕ್ಕಳಿಗೆ ಬಾಯಿಪಾಠ. ಆದರೆ ಮಹಾರಾಷ್ಟ್ರ ಮತ್ತು ತೆಲಂಗಾಣದ ಗಡಿಯಲ್ಲಿ, ಪ್ರಾಣಹಿತಾ ಮತ್ತು ಗೋದಾವರಿಯ ಕಣಿವೆಯಲ್ಲಿ ಸಿಕ್ಕ ಬರಾಪಾಸಾರಸ್ ಹೆಸರು ಕೇಳಿದವರು ಕಡಿಮೆ. ಅದು ಜುರಾಸಿಕ್‌ನ ಮೊದಲ ಭಾಗದ್ದು. ಉದ್ದ ಕತ್ತು, ಕಂಬದಂಥ ನಾಲ್ಕು ಕಾಲು, ಸುಮಾರು 14 ಮೀಟರ್ ಉದ್ದ. ಸೊಪ್ಪು ತಿನ್ನುವ ಪ್ರಾಣಿ. ಕಲ್ಕತ್ತಾದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ತಂಡ ಅದನ್ನು ಅಗೆದು ತೆಗೆದದ್ದು. ಸುಮಾರು 300 ಮೂಳೆ ಸಿಕ್ಕವು, ಕಡಿಮೆ ಅಂದರೂ ಆರು ಪ್ರಾಣಿಗಳದ್ದು. ಅಗೆತ ನಡೆದ ಕಾಲದಲ್ಲೇ 1961ರಲ್ಲಿ ರವೀಂದ್ರನಾಥ ಟಾಗೋರರ ಜನ್ಮಶತಮಾನೋತ್ಸವ ಬಂತು. ಹಾಗಾಗಿ 1975ರಲ್ಲಿ ಅದಕ್ಕೆ ಬರಾಪಾಸಾರಸ್ ಟಾಗೋರಿ ಎಂದು ಹೆಸರಿಟ್ಟರು. ಆ ಅಸ್ಥಿಪಂಜರವನ್ನು ಕಲ್ಕತ್ತಾದಲ್ಲಿ ಅದೇ ಸಂಸ್ಥೆಯ ಮ್ಯೂಸಿಯಂನಲ್ಲಿ ನಿಲ್ಲಿಸಿದ್ದಾರೆ. ನಾನು ಅದರ ಪಕ್ಕೆಲುಬುಗಳ ಕೆಳಗೆ ನಿಂತು ನೋಡಿದ್ದೇನೆ. ಇಂಥದ್ದು ನಮ್ಮ ನೆಲದಲ್ಲೇ ಓಡಾಡಿತ್ತು ಅಂತ ಅನ್ನಿಸಿದಾಗ ಮೈ ಜುಮ್ ಅಂದಿತ್ತು. ಅದೇ ನಿಮ್ಮ ಮಕ್ಕಳಿಗೂ ಆಗಲಿ.

ಅದೇ ಪದರದ ಕಲ್ಲುಗಳಲ್ಲಿ ಕೋಟಾಸಾರಸ್ ಸಹ ಸಿಕ್ಕಿದೆ. ಅದನ್ನು ಲೋಕಕ್ಕೆ ವಿವರಿಸಿದ್ದು 1988ರಲ್ಲಿ. ಸ್ವಲ್ಪ ಚಿಕ್ಕದು, ಸುಮಾರು 9 ಮೀಟರ್. ಅದರ ಅಸ್ಥಿಪಂಜರ ಹೈದರಾಬಾದಿನ ಬಿ. ಎಂ. ಬಿರ್ಲಾ ವಿಜ್ಞಾನ ಕೇಂದ್ರದಲ್ಲಿದೆ. ಶಾಲಾ ಪ್ರವಾಸ ಹೈದರಾಬಾದಿಗೆ ಹೋದರೆ ಚಾರ್‌ಮಿನಾರ್ ನೋಡಿ ಸುಮ್ನೆ ವಾಪಸ್ ಬರಬೇಡಿ, ಇದನ್ನೂ ತೋರಿಸಿ. ಆ ಕಣಿವೆಯ ಸುಣ್ಣದಕಲ್ಲಿನಲ್ಲಿ ದಪ್ಪ ಹೊಳೆಯುವ ಪೊರೆಯ ಲೆಪಿಡೋಟಸ್ ಎಂಬ ಮೀನೂ ಸಿಕ್ಕಿದೆ. ಬರಾಪಾಸಾರಸ್ ಕಾಲಿನ ಹತ್ತಿರ ಒಂದು ನೀರಿನ ಮಡುವು ಬರೆಸಿ ಅದರಲ್ಲಿ ಈ ಮೀನು ಹಾಕಿಸಿ.

ಗೋಡೆಯ ಮಧ್ಯ ಭಾಗಕ್ಕೂ ನಮ್ಮದೊಂದು ಇದೆ. ಥಾರೋಸಾರಸ್ ಇಂಡಿಕಸ್. ರಾಜಸ್ಥಾನದ ಜೈಸಲ್ಮೇರ್‌ನಲ್ಲಿ ಸಿಕ್ಕಿತು, 2023ರಲ್ಲಿ ಹೆಸರಾಯಿತು. ವಯಸ್ಸು 16.7 ಕೋಟಿ ವರ್ಷ. ಡಿಪ್ಲೊಡೋಕಸ್‌ನ ದೊಡ್ಡ ಬಳಗದಲ್ಲಿ ಇದುವರೆಗೆ ಸಿಕ್ಕವುಗಳಲ್ಲೇ ಇದು ಹಳೆಯದು. ನಿಮ್ಮ ಕಾಲಪಟ್ಟಿಯಲ್ಲಿ ಎಡದಿಂದ 24ನೇ ಫೂಟಿಗೆ ಬರುತ್ತದೆ. ಜೈಸಲ್ಮೇರ್ ಹತ್ತಿರದ ಥಯಾತ್‌ನಲ್ಲಿ ಮಾಂಸ ತಿನ್ನುವ ಡೈನೋಸಾರ್‌ಗಳ ಮೂರು ಬೆರಳಿನ ಹೆಜ್ಜೆ ಗುರುತುಗಳೂ ಇವೆ. ಗೋಡೆಯ ಮೊದಲ ಭಾಗದ ಕೆಸರಿನಲ್ಲಿ ಅಂಥ ಹೆಜ್ಜೆಗಳು ಇರಲಿ. ಹೆಜ್ಜೆ ಹಾಕಿದ ಪ್ರಾಣಿ ಕಾಣಬೇಕಿಲ್ಲ, ಮಕ್ಕಳೇ ಊಹೆ ಮಾಡಲಿ.

ಹೊರದೇಶದವು ಚುಟುಕಾಗಿ. ಮೊದಲ ಭಾಗಕ್ಕೆ ಬೇಟೆಗಾರ ಬೇಕು ಅಂದರೆ ಅಂಟಾರ್ಕ್ಟಿಕಾದ ಕ್ರಯೋಲೋಫೋಸಾರಸ್ ಹಾಕಬಹುದು. ತಲೆ ಮೇಲೆ ಅಡ್ಡಕ್ಕೆ ಎದ್ದ ಜುಟ್ಟು ಇರುವಂಥದ್ದು. ಆಗ ಅಂಟಾರ್ಕ್ಟಿಕಾದಲ್ಲಿ ಹಿಮ ತುಂಬಿರಲಿಲ್ಲ, ಕಾಡಿತ್ತು. ನಮ್ಮ ಭಾರತದ ನೆಲ ಅದಕ್ಕೆ, ಆಫ್ರಿಕಕ್ಕೆ, ಮಡಗಾಸ್ಕರ್‌ಗೆ ಅಂಟಿಕೊಂಡೇ ಇತ್ತು. ಅಂದರೆ ಅದು ದೂರದ ಪ್ರಾಣಿ ಅಲ್ಲ, ಒಂದೇ ಖಂಡದ್ದು. ಮಧ್ಯ ಭಾಗ ಮುಗಿಯುವಲ್ಲಿ ಚೀನಾದ ಗ್ವಾನ್‌ಲಾಂಗ್ ಬರಲಿ, ಸುಮಾರು 16 ಕೋಟಿ ವರ್ಷದ್ದು. ಟಿ-ರೆಕ್ಸ್ ಮನೆತನದ ಹಿರಿಯ ಅದು. ಉದ್ದ ಬರೀ 3 ಮೀಟರ್.

ಕೊನೆಯ ಭಾಗ ಎಲ್ಲಕ್ಕಿಂತ ಶ್ರೀಮಂತ. ಆಫ್ರಿಕದ ತಾಂಜಾನಿಯಾದಲ್ಲಿ ತೆಂಡಗುರು ಎಂಬ ಗುಡ್ಡ ಇದೆ. 1909ರಿಂದ 1913ರವರೆಗೆ ಜರ್ಮನರು ಅಲ್ಲಿ ಅಗೆಸಿದರು. ನೆಲ ಅಗೆದವರು, ಮೂಳೆ ಹೊತ್ತು ಬಂದರಿಗೆ ನಡೆದವರು ಅಲ್ಲಿಯ ಜನವೇ. ಅಲ್ಲಿ ಸಿಕ್ಕ ಜಿರಾಫಟೈಟನ್ ಈಗ ಬರ್ಲಿನ್ ಮ್ಯೂಸಿಯಂನಲ್ಲಿ 13 ಮೀಟರ್‌ಗಿಂತ ಎತ್ತರಕ್ಕೆ ನಿಂತಿದೆ. ಅದೇ ಜಾಗದಲ್ಲಿ ಕೆಂಟ್ರೋಸಾರಸ್ ಸಿಕ್ಕಿದೆ. ಮುಂದಿನ ಬೆನ್ನಿನ ಮೇಲೆ ಫಲಕ, ಸೊಂಟದಿಂದ ಬಾಲದ ತನಕ ಉದ್ದುದ್ದ ಮುಳ್ಳು. ಅಮೆರಿಕದ ಪಶ್ಚಿಮ ರಾಜ್ಯಗಳ ಮಾರಿಸನ್ ಕಲ್ಲುಗಳಲ್ಲಿ ಸೊಪ್ಪು ತಿನ್ನುವ ಡಿಪ್ಲೊಡೋಕಸ್, ಕಮರಾಸಾರಸ್, ಬ್ರಾಕಿಯೋಸಾರಸ್, ಸ್ಟೆಗೋಸಾರಸ್; ಮಾಂಸ ತಿನ್ನುವ ಅಲೋಸಾರಸ್, ಮೂಗಿನ ಮೇಲೆ ಕೊಂಬಿರುವ ಸೆರಟೋಸಾರಸ್. ಇಷ್ಟು ದೊಡ್ಡ ದೊಡ್ಡ ಸೊಪ್ಪುಗಳ್ಳರು ಒಂದೇ ಕಡೆ ಹೇಗೆ ಹೊಟ್ಟೆ ತುಂಬಿಸಿಕೊಂಡರು? ಹಲ್ಲು ನೋಡಿದರೆ ಗೊತ್ತಾಗುತ್ತದೆ. ಡಿಪ್ಲೊಡೋಕಸ್‌ಗೆ ಬಾಯಿಯ ಮುಂಭಾಗದಲ್ಲಿ ಮಾತ್ರ ಸಣ್ಣ ಕಡ್ಡಿಯಂಥ ಹಲ್ಲು, ಎಲೆ ಸವರಿ ತಿನ್ನಲು. ಕಮರಾಸಾರಸ್‌ಗೆ ದಪ್ಪ ಅಗಲ ಹಲ್ಲು, ಗಟ್ಟಿ ಟೊಂಗೆ ಕಡಿಯಲು. ಬ್ರಾಕಿಯೋಸಾರಸ್ ತುದಿ ಎಲೆಗೆ ಕತ್ತು ಚಾಚುತ್ತಿತ್ತು, ಸ್ಟೆಗೋಸಾರಸ್ ನೆಲದ ಹತ್ತಿರದ್ದು ಮೇಯುತ್ತಿತ್ತು. ವೈವಿಧ್ಯ ಅಂದರೆ ಇದು. ಬರೀ ಆಕಾರ ಬೇರೆ ಬೇರೆ ಅಂತಲ್ಲ, ಬದುಕುವ ದಾರಿಯೇ ಬೇರೆ ಬೇರೆ. ಇದನ್ನು ಗೋಡೆಯಲ್ಲಿ ತೋರಿಸಲು ಆಗುತ್ತದೆ. ಒಂದೊಂದರ ಬಾಯಿಯನ್ನು ಒಂದೊಂದು ಎತ್ತರದ ಗಿಡಕ್ಕೆ ತಾಗಿಸಿ.

ಈಗ ಮಕ್ಕಳ ಪ್ರಶ್ನೆ. ಗದಗ, ಧಾರವಾಡದಲ್ಲಿ ಯಾಕಿಲ್ಲ? ನಮ್ಮ ಕಲ್ಲು ಬಹಳ ಹಳೆಯದು. ಕಪ್ಪತಗುಡ್ಡದ ಕಲ್ಲು, ಧಾರವಾಡದ ಸುತ್ತಲಿನ ಕಲ್ಲು 250 ಕೋಟಿ ವರ್ಷಕ್ಕಿಂತ ಹಳೆಯವು. ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ಇವಕ್ಕೆ ನಮ್ಮೂರಿನ ಹೆಸರನ್ನೇ ಇಟ್ಟ. ಇವತ್ತಿಗೂ ಜಗತ್ತಿನ ಭೂವಿಜ್ಞಾನಿಗಳು ಧಾರವಾಡ ಶಿಲೆ ಅಂತಲೇ ಕರೆಯುತ್ತಾರೆ. ಆ ಕಲ್ಲು ಆದಾಗ ಭೂಮಿ ಮೇಲೆ ಕಣ್ಣಿಗೆ ಕಾಣುವಂಥ ಪ್ರಾಣಿಯೇ ಇರಲಿಲ್ಲ. ಬಾದಾಮಿಯ ಕೆಂಪು ಮರಳುಗಲ್ಲು ಅದಕ್ಕಿಂತ ಹೊಸದು, ಆದರೂ ಡೈನೋಸಾರ್‌ಗಿಂತ ಬಹಳ ಹಿಂದಿನದು. ಬೆಳಗಾವಿ, ವಿಜಯಪುರ ಕಡೆಯ ಕರಿಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ, ಅಂದರೆ ಡೈನೋಸಾರ್‌ಗಳ ಕೊನೆಗಾಲದ್ದು. ನಡುವಿನ ಜುರಾಸಿಕ್ ಪುಟ ನಮ್ಮಲ್ಲಿ ಇಲ್ಲ. ಮೂಳೆ ಪಳೆಯುಳಿಕೆ ಆಗಬೇಕಾದರೆ ಮಣ್ಣು, ಮರಳು ಬಂದು ಅದನ್ನು ಬೇಗ ಮುಚ್ಚಬೇಕು. ಗೋದಾವರಿಯ ಕಣಿವೆ ಕುಸಿದ ತಗ್ಗು, ಅಲ್ಲಿ ಹೂಳು ತುಂಬುತ್ತಾ ಹೋಯಿತು. ನಮ್ಮದು ಎತ್ತರದ ನೆಲ, ಸವೆಯುತ್ತಾ ಹೋಯಿತು. ಡೈನೋಸಾರ್ ಇಲ್ಲೂ ಓಡಾಡಿರಬಹುದು, ಗುರುತು ಉಳಿಯುವ ಹಾಗೆ ನೆಲ ಇರಲಿಲ್ಲ. ಮಕ್ಕಳಿಗೆ ಹೀಗೇ ಹೇಳಿ, ಅವರಿಗೆ ಅರ್ಥ ಆಗುತ್ತದೆ.


ಹುಬ್ಬಳ್ಳಿ ಬೋರ್ಡ್ ಪೇಂಟರ್:

ನಮಸ್ಕಾರ ರೀ ಸರ. ಅಕ್ಕೋರು ಹೇಳಿದ ಪೇಂಟರ್ ನಾನೇ. ನೀವು ಬರೆದದ್ದನ್ನು ಪೂರ್ತಿ ಓದಿದೆ. ಚಿತ್ರ ಬದಲಿಸಲು ನನ್ನದೇನೂ ತಕರಾರು ಇಲ್ಲ, ಗೋಡೆಗೆ ಪ್ರೈಮರ್ ಮಾತ್ರ ಹೊಡೆದಿದ್ದೇನೆ. ನನಗೆ ಬೇಕಾದದ್ದು ಅಳತೆ ಮತ್ತು ಬಣ್ಣ. 13 ಮೀಟರ್ ಎತ್ತರದ್ದು ಅಂತೀರಿ, ಗೋಡೆ 7 ಫೂಟು. ಎಲ್ಲವನ್ನೂ ಒಂದೇ ಲೆಕ್ಕದಲ್ಲಿ ಇಳಿಸಬೇಕಾ, ಇಲ್ಲಾ ಕಣ್ಣಿಗೆ ಚಂದ ಕಾಣುವ ಹಾಗೆ ಮಾಡಲಾ? ಇನ್ನೊಂದು, ನೆಟ್‌ನಲ್ಲಿ ಒಂದು ಚಿತ್ರದಲ್ಲಿ ಹಸಿರು, ಇನ್ನೊಂದರಲ್ಲಿ ಕಂದು, ಮತ್ತೊಂದರಲ್ಲಿ ಕೆಂಪು ಪಟ್ಟೆ. ಯಾವುದನ್ನು ನಂಬಬೇಕು?


ಧಾರವಾಡದ ಕಲ್ಲಿನ ಮಾಸ್ತರ:

ಪೇಂಟರ್ ಅಣ್ಣಾವ್ರೆ, ನೀವೇ ಬಂದು ಕೇಳಿದ್ದು ಬಹಳ ಒಳ್ಳೆಯದಾಯಿತು. ಒಂದೇ ಲೆಕ್ಕದಲ್ಲಿ ಇಳಿಸಿ. ಗೋಡೆಯ ಒಂದು ಫೂಟು ಅಂದರೆ ನಿಜದ ಎಂಟು ಫೂಟು ಅಂತ ಇಟ್ಟುಕೊಳ್ಳಿ. ಆಗ ಜಿರಾಫಟೈಟನ್‌ನ ತಲೆ ಐದೂವರೆ ಫೂಟಿಗೆ ಬರುತ್ತದೆ, ಗೋಡೆಯಲ್ಲಿ ಆರಾಮಾಗಿ ಹಿಡಿಯುತ್ತದೆ. ಬರಾಪಾಸಾರಸ್ ಐದೂಮುಕ್ಕಾಲು ಫೂಟು ಉದ್ದ, ಕೋಟಾಸಾರಸ್ ಮೂರೂಮುಕ್ಕಾಲು. ಅಲೋಸಾರಸ್ ಸುಮಾರು ಮೂರೂವರೆ, ಸ್ಟೆಗೋಸಾರಸ್ ಮೂರು, ಕೆಂಟ್ರೋಸಾರಸ್ ಎರಡರ ಹತ್ತಿರ, ಗ್ವಾನ್‌ಲಾಂಗ್ ಒಂದೂಕಾಲು. ಡಿಪ್ಲೊಡೋಕಸ್ ಒಂದೇ ಹತ್ತು ಫೂಟು ತಿನ್ನುತ್ತದೆ, ಜಾಗ ಸಾಲದಿದ್ದರೆ ಬಿಡಿ. ಥಾರೋಸಾರಸ್‌ದು ಕೆಲವೇ ಮೂಳೆ ಸಿಕ್ಕಿರುವುದರಿಂದ ಅದನ್ನು ಮರಗಳ ಹಿಂದೆ ನಿಲ್ಲಿಸಿ, ಕತ್ತು ಮತ್ತು ಬೆನ್ನು ಮಾತ್ರ ಕಾಣಲಿ. ಒಂದು ಮೂಲೆಯಲ್ಲಿ ಇದೇ ಲೆಕ್ಕದಲ್ಲಿ ಶಾಲಾ ಸಮವಸ್ತ್ರದ ಒಂದು ಮಗುವನ್ನೂ ಬರೆಯಿರಿ. ಏಳು ಇಂಚು ಆಗುತ್ತದೆ. ಮಕ್ಕಳಿಗೆ ದೊಡ್ಡದು ಚಿಕ್ಕದು ತಟ್ಟನೆ ಹೊಳೆಯುತ್ತದೆ.

ಉದ್ದ ಕತ್ತಿನವುಗಳ ಬಣ್ಣ ನಿಮ್ಮ ಕೈಯಲ್ಲೇ ಇದೆ. ಅವುಗಳ ಬಣ್ಣ ಕಲ್ಲಿನಲ್ಲಿ ಉಳಿದಿಲ್ಲ. ಮಣ್ಣು, ಬೂದಿ, ಒಣ ಎಲೆಯ ಬಣ್ಣ ಹಾಕಿದರೆ ನನಗೆ ಒಪ್ಪಿಗೆ.


ಹಾನಗಲ್ಲಿನ ಪಕ್ಷಿಪ್ರೇಮಿ:

ಸರ್, ಬಣ್ಣದ ವಿಷಯದಲ್ಲಿ ಒಂದು ಮಾತು ಸೇರಿಸಲಾ? ನಾನು ಹಾವೇರಿ ಜಿಲ್ಲೆಯ ಕೆರೆಗಳ ಮೇಲೆ ಹಕ್ಕಿ ನೋಡಿಕೊಂಡು ತಿರುಗುವವಳು. ಡೈನೋಸಾರ್ ಓದಲು ಶುರು ಮಾಡಿದ್ದೂ ಹಕ್ಕಿಗಳಿಂದಲೇ. ಬಣ್ಣ ಖಚಿತವಾಗಿ ಗೊತ್ತಿರುವ ಜುರಾಸಿಕ್ ಡೈನೋಸಾರ್ ಒಂದಿದೆ, ಚೀನಾದ ಆಂಕಿಯಾರ್ನಿಸ್. ಸುಮಾರು 16 ಕೋಟಿ ವರ್ಷದ್ದು. ಅದರ ಗರಿಗಳಲ್ಲಿ ಬಣ್ಣದ ಸೂಕ್ಷ್ಮ ಕಣಗಳ ಅಚ್ಚು ಉಳಿದಿತ್ತು. ಅವುಗಳ ಆಕಾರ ನೋಡಿ ಈಗಿನ ಹಕ್ಕಿಗಳ ಗರಿಗೆ ಹೋಲಿಸಿ 2010ರಲ್ಲಿ ಬಣ್ಣ ಹೇಳಿದರು. ಮೈ ಕಪ್ಪು ಬೂದು, ರೆಕ್ಕೆಯಲ್ಲಿ ಕಪ್ಪು ತುದಿಯ ಬಿಳಿ ಗರಿ, ತಲೆ ಮೇಲೆ ಕೆಂಪು ಛಾಯೆಯ ಜುಟ್ಟು. ಕಾಲಿಗೂ ಉದ್ದ ಗರಿ ಇತ್ತು. ಪೇಂಟರ್ ಅಣ್ಣ, ಇದೊಂದನ್ನು ಹೇಳಿದ ಬಣ್ಣದಲ್ಲೇ ಬರೆಯಿರಿ. ಕೊನೆಯ ಭಾಗದಲ್ಲಿ ಜರ್ಮನಿಯ ಆರ್ಕಿಯಾಪ್ಟೆರಿಕ್ಸ್ ಇರಲಿ, ಸುಮಾರು 15 ಕೋಟಿ ವರ್ಷದ್ದು. ಅದರ ಗರಿ ಮೊದಲು ಸಿಕ್ಕಿದ್ದು 1861ರಲ್ಲಿ. ಗಾತ್ರ ಒಂದು ಕಾಗೆಯಷ್ಟು. ಬಾಯಲ್ಲಿ ಹಲ್ಲು, ರೆಕ್ಕೆಯಲ್ಲಿ ಉಗುರು, ಮೂಳೆ ಇರುವ ಉದ್ದ ಬಾಲ. ಸರ್ ಹೇಳಿದ ಲೆಕ್ಕದಲ್ಲಿ ಎರಡು ಮೂರು ಇಂಚು ಆಗುತ್ತದೆ, ಆದರೂ ಬಿಡಬೇಡಿ. ದೊಡ್ಡವುಗಳನ್ನು ಬರೆದು ಇಂಥ ಸಣ್ಣವನ್ನು ಬಿಟ್ಟರೆ ಆ ಕಾಲದ ಅರ್ಧ ಕಥೆ ಹೋದ ಹಾಗೆ.

ಟೆರನೋಡಾನ್ ಕೂಡ ಕ್ರಿಟೇಶಿಯಸ್‌ದು. ಬದಲಿಗೆ ರಾಂಫೋರಿಂಕಸ್ ಹಾಕಿ. ಉದ್ದ ಬಾಲ, ಬಾಲದ ತುದಿಯಲ್ಲಿ ಪುಟ್ಟ ಪಟದಂಥ ಚರ್ಮ. ಇವು ಹಾರುವ ಸರೀಸೃಪಗಳು, ಡೈನೋಸಾರ್ ಅಲ್ಲ. ಹೆಸರಿನ ಕೆಳಗೆ ಹಾಗಂತ ಬರೆಸಿದರೆ ಒಳ್ಳೆಯದು.

ಜಗಳದ ದೃಶ್ಯ ಮಕ್ಕಳಿಗೆ ಬೇಕೇ ಬೇಕು, ಅಲ್ವಾ? ಸ್ಟೆಗೋಸಾರಸ್ ಎದುರು ಅಲೋಸಾರಸ್ ನಿಲ್ಲಿಸಿ. ಅದಕ್ಕೆ ಸಾಕ್ಷಿಯೇ ಇದೆ. ಒಂದು ಅಲೋಸಾರಸ್‌ನ ಬಾಲದ ಮೂಳೆಯಲ್ಲಿ ಸ್ಟೆಗೋಸಾರಸ್ ಬಾಲದ ಮುಳ್ಳು ಚುಚ್ಚಿದ ತೂತಿದೆ. ಒಂದು ಸ್ಟೆಗೋಸಾರಸ್‌ನ ಕತ್ತಿನ ಫಲಕದಲ್ಲಿ ಅಲೋಸಾರಸ್ ಬಾಯಿಗೆ ಸರಿಹೋಗುವ ಕಚ್ಚಿದ ಗುರುತಿದೆ.


ಲಕ್ಷ್ಮೇಶ್ವರದ ಅಕ್ಕೋರು:

ಸರ್, ಅಕ್ಕ, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆ. ಇದನ್ನೆಲ್ಲ ಪ್ರಿಂಟ್ ತೆಗೆಸಿ ತರಗತಿಯಲ್ಲಿ ಓದಿದೆ. ಮಕ್ಕಳು ಟೇಪು ಹಿಡಿದು ಗೋಡೆಯ ತುದಿಯಿಂದ 55 ಫೂಟು ಅಳೆದೇ ಬಿಟ್ಟರು. ಬಿಸಿಯೂಟದ ಅಡುಗೆ ಕೋಣೆಯ ಗೋಡೆಗೆ ಹೋಗಿ ಮುಟ್ಟಿತು! ಟಿ-ರೆಕ್ಸ್ ಮತ್ತು ಟ್ರೈಸೆರಾಟಾಪ್ಸ್ ಅಲ್ಲಿ ಬರೆಯಬಹುದು, ಪೇಂಟರ್ ಅಣ್ಣನ ಮಾದರಿಯೂ ವ್ಯರ್ಥ ಆಗುವುದಿಲ್ಲ. ಅಡುಗೆಯವರೂ ಒಪ್ಪಿದ್ದಾರೆ.

ಸರ್, ಉಳಿದದ್ದು ಗಿಡ ಮತ್ತು ನೆಲ. ತೆಂಗು, ಹುಲ್ಲು ಇರಬಹುದಾ? ಪ್ರಾಣಿಗಳ ಹೆಸರಿನ ಜೊತೆ ಏನು ಬರೆಸಲಿ?


ಧಾರವಾಡದ ಕಲ್ಲಿನ ಮಾಸ್ತರ:

ಅಡುಗೆ ಕೋಣೆಯ ಗೋಡೆ ಕೇಳಿ ಬಹಳ ಸಂತೋಷ ಆಯಿತು ಅಕ್ಕೋರೆ. ಕ್ರಿಟೇಶಿಯಸ್ ಅಂತ ಅಲ್ಲಿ ದಪ್ಪಕ್ಷರದಲ್ಲಿ ಬರೆಸಿ.

ಜುರಾಸಿಕ್ ಗೋಡೆಯಲ್ಲಿ ಹುಲ್ಲು ಬೇಡ, ತೆಂಗು ಬೇಡ, ಹೂವೂ ಬೇಡ. ಹುಲ್ಲು ಬಂದದ್ದು ಆಮೇಲೆ. ನಮ್ಮ ಮಹಾರಾಷ್ಟ್ರದ ಪಿಸ್ದುರಾದಲ್ಲಿ ಡೈನೋಸಾರ್ ಲದ್ದಿಯ ಪಳೆಯುಳಿಕೆಯೊಳಗೆ ಹುಲ್ಲಿನ ಗುರುತು ಸಿಕ್ಕಿದೆ ಅಂತ 2005ರಲ್ಲಿ ಪ್ರಕಟವಾಯಿತು. ಡೈನೋಸಾರ್‌ಗಳು ಹುಲ್ಲು ತಿಂದದ್ದಕ್ಕೆ ಅದೇ ಮೊದಲ ಪುರಾವೆ. ಆದರೆ ಅದು ಕ್ರಿಟೇಶಿಯಸ್‌ನ ಕೊನೆಯದು. ಹಾಗಾಗಿ ಹಸಿರು ಹುಲ್ಲನ್ನು ಅಡುಗೆ ಕೋಣೆಯ ಗೋಡೆಗೆ ಇಟ್ಟುಕೊಳ್ಳಿ. ಜುರಾಸಿಕ್ ನೆಲಕ್ಕೆ ಕೆಮ್ಮಣ್ಣು, ಕೆಸರು, ಜರಿಗಿಡದ ಪೊದೆ. ನಡು ಎತ್ತರಕ್ಕೆ ಸೈಕಸ್, ಆಫೀಸುಗಳ ಮುಂದಿನ ಕುಂಡದಲ್ಲಿ ಇರುತ್ತದಲ್ಲ, ಅದರ ಬಳಗ. ಎತ್ತರಕ್ಕೆ ಪೈನ್ ಮತ್ತು ಅರಕೇರಿಯಾ ಬಳಗದ ಮರಗಳು. ಅರಕೇರಿಯಾವನ್ನು ನಮ್ಮಲ್ಲಿ ಕ್ರಿಸ್‌ಮಸ್ ಗಿಡ ಅಂತ ಮನೆ ಮುಂದೆ ಬೆಳೆಸುತ್ತಾರೆ. ಪೇಂಟರ್ ಅಣ್ಣ ಅದನ್ನು ಎದುರಿಗೇ ನೋಡಿ ಬರೆಯಬಹುದು.

ಅಣ್ಣಾವ್ರೆ, ಇನ್ನು ಎರಡು ಸಣ್ಣ ಮಾತು. ಬಾಲವನ್ನು ನೆಲಕ್ಕೆ ಎಳೆಯಬೇಡಿ. ಹೆಜ್ಜೆ ಗುರುತುಗಳ ಜೊತೆ ಬಾಲ ಎಳೆದ ಗೆರೆ ಸಾಮಾನ್ಯವಾಗಿ ಸಿಗುವುದೇ ಇಲ್ಲ. ಬೆನ್ನಿನ ಸಮಕ್ಕೆ ಗಾಳಿಯಲ್ಲಿ ಚಾಚಿರಲಿ. ಅಲೋಸಾರಸ್ ಕೈಗೆ ಮೂರು ಬೆರಳು, ಅಂಗೈ ಒಳಮುಖ. ಟಿ-ರೆಕ್ಸ್‌ಗೆ ಎರಡೇ ಬೆರಳು. ಸ್ಟೆಗೋಸಾರಸ್‌ಗೆ ಬಾಲದಲ್ಲಿ ನಾಲ್ಕು ಮುಳ್ಳು, ಬೆನ್ನ ಫಲಕಗಳು ಒಂದು ಆ ಕಡೆ ಒಂದು ಈ ಕಡೆ.

ಹೆಸರಿನ ಕೆಳಗೆ ಮೂರು ಸಂಗತಿ ಸಾಕು: ಎಲ್ಲಿ ಸಿಕ್ಕಿತು, ಎಷ್ಟು ಹಳೆಯದು, ಏನು ತಿನ್ನುತ್ತಿತ್ತು. ಬರಾಪಾಸಾರಸ್‌ಗೆ ಮಾತ್ರ ನಾಲ್ಕನೆಯದು ಸೇರಿಸಿ. ಅದರ ತಲೆಬುರುಡೆ ಸಿಕ್ಕಿಲ್ಲ, ಹಲ್ಲು ಸಿಕ್ಕಿವೆ, ಅಷ್ಟೇ. ಕಲ್ಕತ್ತಾದಲ್ಲಿ ನಿಂತಿರುವುದಕ್ಕೂ ತಲೆ ಊಹೆಯದೇ. "ಈ ತಲೆ ಊಹೆಯಿಂದ ಬರೆದದ್ದು, ನಿಜವಾದದ್ದು ಇನ್ನೂ ಯಾರಿಗೂ ಸಿಕ್ಕಿಲ್ಲ" ಅಂತ ತಲೆಯ ಪಕ್ಕದಲ್ಲೇ, ಮಕ್ಕಳ ಕಣ್ಣಿನ ಎತ್ತರಕ್ಕೆ ಬರೆಸಿ.